ಮೂರು ಸಲ ಕೇಳಿದ್ದಳು

ಮಾತು ಬಾರದ ಮಕ್ಕಳಿಗೆ ಮಾತು ಕಲಿಸುವ ಆ ಕೇಂದ್ರದಲ್ಲಿ ಇಪ್ಪತ್ತೇಳು ವರ್ಷದಿಂದ ಇದ್ದ ಸ್ಪೀಚ್ ಥೆರಪಿಸ್ಟರನ್ನು ಎಲ್ಲರೂ ಮಾತಿನ ಟೀಚರ್ ಎಂದೇ ಕರೆಯುತ್ತಿದ್ದರು. ಆಟಿಸಂ ಇರುವ ಮಗುವನ್ನು ಎದುರಿನ ಪುಟ್ಟ ಕುರ್ಚಿಯಲ್ಲಿ ಕೂರಿಸಿ, ಗಲ್ಲ ಹಿಡಿದು ಮುಖ ತಮ್ಮತ್ತ ತಿರುಗಿಸಿ, "ಕಣ್ಣು ನೋಡು, ಕೈ ತೊಡೆ ಮೇಲೆ" ಎಂದರೆ ಸಾಕು, ಎಂಥ ಮಗುವೂ ದಾರಿಗೆ ಬರುತ್ತದೆ ಎಂಬ ಹೆಸರು ಅವರಿಗಿತ್ತು. ಆ ಹೆಸರಿನ ಬಗ್ಗೆ ಅವರಿಗೆ ಒಳಗೊಳಗೇ ಹೆಮ್ಮೆಯೂ ಇತ್ತು.

ಪಕ್ಕದ ಕೋಣೆಯಲ್ಲಿ ಆಕ್ಯುಪೇಶನಲ್ ಥೆರಪಿ ನೋಡಿಕೊಳ್ಳುವ ತರುಣ ಬಂದು ಎರಡು ವರ್ಷವಾಗಿತ್ತು. ಗುಂಡಿ ಹಾಕುವುದು, ಚಮಚ ಹಿಡಿಯುವುದು, ಸದ್ದು ಬೆಳಕು ತಡೆಯಲಾಗದ ಮಕ್ಕಳಿಗೆ ಕೋಣೆಯನ್ನೇ ಹೊಂದಿಸಿಕೊಡುವುದು ಅವನ ಕೆಲಸ. ಕೋಣೆಯ ತುಂಬ ಉಯ್ಯಾಲೆ ಕಟ್ಟಿದ್ದರಿಂದ ಉಯ್ಯಾಲೆ ಮೇಷ್ಟ್ರು ಎಂಬ ಅಡ್ಡಹೆಸರು ಬಿದ್ದಿತ್ತು.

"ಮೇಡಂ, ಕೈ ಆಡಿಸಿದ್ರೆ ಆಡಿಸ್ಲಿ ಬಿಡಿ. ಆ ಮಕ್ಕಳಿಗೆ ಸಮಾಧಾನ ಆಗೋದೇ ಅದರಿಂದ," ಎಂದು ಅವನು ಆಗಾಗ ಹೇಳುತ್ತಿದ್ದ.

"ನೀನು ಉಯ್ಯಾಲೆ ತೂಗಪ್ಪ. ಮಾತಿನ ವಿಚಾರ ನನಗೆ ಬಿಡು," ಎಂದು ಟೀಚರ್ ನಗೆಯಾಡಿ ಕಳಿಸುತ್ತಿದ್ದರು.

ಹೊಸದಾಗಿ ಸೇರುವ ಥೆರಪಿಸ್ಟರ ತರಬೇತಿಯಲ್ಲಿ ಟೀಚರ್ ಪ್ರತಿ ವರ್ಷ ನಾಲ್ಕು ನಿಮಿಷದ ಒಂದು ವಿಡಿಯೋ ತೋರಿಸುತ್ತಿದ್ದರು. ಅದರಲ್ಲಿ ಆರು ವರ್ಷದ ಹುಡುಗಿಯೊಬ್ಬಳು, ಅಲ್ಲಿಯವರೆಗೆ ಒಂದಕ್ಷರ ಆಡದವಳು, "ನೀರು" ಎನ್ನುತ್ತಾಳೆ. ಸಭಾಂಗಣ ಚಪ್ಪಾಳೆ ತಟ್ಟುತ್ತದೆ.

ಈ ಸಲ ಉಯ್ಯಾಲೆ ಮೇಷ್ಟ್ರು ಒಬ್ಬ ಅತಿಥಿಯನ್ನು ಕರೆಸಿದ್ದ. ಗ್ರಂಥಾಲಯವೊಂದರಲ್ಲಿ ಹರಿದ ಪುಸ್ತಕ ದುರಸ್ತಿ ಮಾಡುವ, ಆಟಿಸಂ ಇರುವ ಯುವತಿ. ಟ್ಯಾಬ್ಲೆಟ್ಟಿನ ಮೇಲೆ ಅವಳು ಅಕ್ಷರ ಒತ್ತಿದರೆ ಅದು ಅವಳ ಪರವಾಗಿ ಮಾತಾಡುತ್ತದೆ. ಸದ್ದು ತಡೆಯುವ ಹೆಡ್‌ಫೋನ್ ಹಾಕಿಕೊಂಡು ಹಿಂದಿನ ಸಾಲಿನ ಮೂಲೆಯಲ್ಲಿ ಕೂತಿದ್ದಳು. ಅವಳ ಹೆಸರಿದ್ದ ಪಟ್ಟಿಯನ್ನು ಟೀಚರ್ ಓದುವ ಗೋಜಿಗೂ ಹೋಗಿರಲಿಲ್ಲ.

ವಿಡಿಯೋ ಮುಗಿಯಿತು, ಚಪ್ಪಾಳೆ ಬಿತ್ತು. ಚಪ್ಪಾಳೆ ನಿಂತ ಮೇಲೆ ಹಿಂದಿನಿಂದ ಏರಿಳಿತವಿಲ್ಲದ ಯಂತ್ರದ ದನಿ ಕೇಳಿಸಿತು.

"ಆ ಹುಡುಗಿ ನಾನು."

ಎಲ್ಲರ ತಲೆಯೂ ಹಿಂದಕ್ಕೆ ಹೊರಳಿತು. ಟೀಚರಿಗೆ ಮೊದಲು ಆಗಿದ್ದು ಖುಷಿಯೇ. ಆಮೇಲೆ ಅವರು ಎಲ್ಲಕ್ಕಿಂತ ಹೆಚ್ಚು ನಾಚಿದ್ದು ಆ ಒಂದು ಕ್ಷಣದ ಖುಷಿಗೆ. ಎರಡೂ ಕೈ ಚಾಚಿ, "ಅಯ್ಯೋ ನನ್ನ ಬಂಗಾರ!" ಎಂದು ಹಿಂದಿನ ಸಾಲಿನತ್ತ ನಡೆದೇಬಿಟ್ಟಿದ್ದರು. ಯುವತಿ ಕುರ್ಚಿಯನ್ನು ಗೋಡೆಯವರೆಗೂ ಹಿಂದಕ್ಕೆ ತಳ್ಳಿಕೊಂಡಳು. ಟೀಚರ್ ನಡುದಾರಿಯಲ್ಲೇ ನಿಂತರು.

ಯುವತಿ ಮತ್ತೆ ಅಕ್ಷರ ಒತ್ತಿದಳು.

"ಇನ್ನೊಂದು ಸಲ ಹಾಕಿ. ನನ್ನ ಬಾಯಿ ನೋಡಬೇಡಿ. ಕೈ ನೋಡಿ."

ಉಯ್ಯಾಲೆ ಮೇಷ್ಟ್ರು ವಿಡಿಯೋ ಮತ್ತೆ ಹಾಕಿದ. ಪುಟ್ಟ ಹುಡುಗಿ ಟೀಚರ ಮಣಿಕಟ್ಟು ಹಿಡಿದು, ಕಪಾಟಿನ ಮೇಲಿದ್ದ ನೀರಿನ ಜಗ್ಗಿನತ್ತ ಎಳೆಯುತ್ತಾಳೆ. ಟೀಚರ್ ಆ ಕೈ ಬಿಡಿಸಿ ತೊಡೆಯ ಮೇಲಿಡುತ್ತಾರೆ. ಮತ್ತೆ ಎಳೆಯುತ್ತಾಳೆ. ಮತ್ತೆ ಬಿಡಿಸುತ್ತಾರೆ. ಮೂರನೇ ಸಲವೂ ಹಾಗೆಯೇ. ನಾಲ್ಕನೇ ನಿಮಿಷಕ್ಕೆ ಹುಡುಗಿ ಅಳುತ್ತ "ನೀರು" ಎನ್ನುತ್ತಾಳೆ.

"ನಾನು ಮೂರು ಸಲ ಕೇಳಿದ್ದೆ," ಎಂದಿತು ಯಂತ್ರದ ದನಿ. "ಅದಾದ ಮೇಲೆ ಕೇಳೋದನ್ನೇ ಬಿಟ್ಟೆ. ಈ ವಿಡಿಯೋ ತೋರಿಸೋಕೆ ಅಮ್ಮನನ್ನ ಕೇಳಿದ್ರಿ. ನನ್ನನ್ನ ಕೇಳಲಿಲ್ಲ. ಅಳಿಸಿ."

ಈ ವಿಡಿಯೋವನ್ನು ಇಪ್ಪತ್ತಮೂರು ವರ್ಷ ನೋಡಿದ್ದ ಟೀಚರಿಗೆ ಆ ಕೈ ಒಮ್ಮೆಯೂ ಕಂಡಿರಲಿಲ್ಲ. "ಆಗ ನಮಗೂ ಹಾಗೇ ಕಲಿಸಿದ್ರಮ್ಮ..." ಎಂದು ಶುರುಮಾಡಿದರು. ಯುವತಿ ಟ್ಯಾಬ್ಲೆಟ್ ಚೀಲಕ್ಕೆ ಹಾಕಿಕೊಂಡು ಎದ್ದುಹೋದಳು.

ಮನೆಯಲ್ಲಿ ಗಂಡ ಊಟದ ಮೇಜಿನ ಮೇಲೆ ಗಡಿಯಾರ ಬಿಚ್ಚಿಕೊಂಡು ಕೂತಿದ್ದರು. ಗಡಿಯಾರ ರಿಪೇರಿಯೇ ಅವರ ಕಸುಬು. ಎಲ್ಲ ಕೇಳಿ, ಕಣ್ಣಿನ ಭೂತಗನ್ನಡಿ ತೆಗೆದು, "ನೀನೇನು ಬೇಕಂತ ಮಾಡಿದ್ದಲ್ಲವಲ್ಲೇ," ಎಂದರು.

"ಬೇಕಂತಲೇ ಮಾಡಿದ್ದು ಕಣ್ರೀ. ಬೆಳಗಿನಿಂದ ನೀರು ಕೊಡಬೇಡಿ ಅಂತ ಅವಳಮ್ಮನಿಗೆ ಹೇಳಿದ್ದೆ. ಜಗ್ಗು ಕಾಣೋ ಹಾಗೆ, ಆದ್ರೆ ಸಿಗದ ಹಾಗೆ ಇಟ್ಟಿದ್ದೂ ನಾನೇ. ಬಾಯಾರಿದ್ರೆ ಬಾಯಿ ಬಿಡ್ತಾಳೆ ಅಂತ."

ಗಂಡ ಗಡಿಯಾರವನ್ನು ಪಕ್ಕಕ್ಕೆ ಸರಿಸಿದರು. ಹೆಂಡತಿಯ ತಟ್ಟೆಗೆ ಇನ್ನೊಂದು ಸೌಟು ಅನ್ನ ಬಡಿಸಿದರು. ಅದು ಹಾಗೆಯೇ ಉಳಿಯಿತು.

ವಿಡಿಯೋ ಅಳಿಸಲು ಅರೆನಿಮಿಷ ಸಾಕಾಯಿತು. ಆದರೆ ಅದರ ಪ್ರತಿ ಯಾರ್ಯಾರ ಬಳಿ ಇತ್ತೋ! ಟೀಚರ್ ನೆನಪಾದವರಿಗೆಲ್ಲ ಪತ್ರ ಬರೆದರು. "ಅದರಲ್ಲಿ ಮಗು ಮಾತು ಕಲಿಯುತ್ತಿಲ್ಲ, ನಾನು ನೀರು ತಡೆದಿದ್ದೇನೆ. ದಯವಿಟ್ಟು ಅಳಿಸಿ." ಕೆಲವರು ಉತ್ತರಿಸಲಿಲ್ಲ. ಅವರೇ ತಯಾರು ಮಾಡಿದ ಶಿಷ್ಯೆಯೊಬ್ಬಳು ಫೋನ್ ಮಾಡಿ, "ಮೇಡಂ, ಅದರಲ್ಲಿ ತಪ್ಪೇನಿದೆ? ನಾನು ಇವತ್ತಿಗೂ ಹಾಗೇ ಮಾಡ್ತೀನಲ್ಲ?" ಎಂದಳು. ಟೀಚರಿಗೆ ಭೂಮಿಗೆ ಇಳಿದುಹೋದ ಹಾಗಾಯಿತು. ಯುವತಿಗೂ ಒಂದು ಪತ್ರ ಹೋಯಿತು. ಅವಳಿಂದ ಬಂದದ್ದು ಎರಡೇ ಪದ. "ಓದಿದೆ. ಸರಿ."

ಮುಂದಿನ ವಾರ ಅವರು ಉಯ್ಯಾಲೆ ಮೇಷ್ಟ್ರ ಕೋಣೆಯ ಬಾಗಿಲಲ್ಲಿ ಬಂದು ನಿಂತು, "ಒಂದಷ್ಟು ದಿನ ನಾನಿಲ್ಲಿ ಕೂತು ನೋಡಲಾ?" ಎಂದು ಕೇಳಿದರು. ಅವನು ಆಡಿಕೊಳ್ಳಲಿಲ್ಲ, ತಾನೇ ಎದ್ದು ಕುರ್ಚಿ ಹಾಕಿದ. ಆಡಿಕೊಂಡಿದ್ದರೇ ಹಗುರಾಗುತ್ತಿತ್ತೇನೋ.

ಸಂಜೆಯ ಹೊತ್ತು ಹಳೆಯ ರಿಜಿಸ್ಟರು ತೆಗೆದು, ನಂಬರು ಸಿಕ್ಕ ತಂದೆತಾಯಿಗಳಿಗೆ ಫೋನ್ ಮಾಡಿ, ತಾವು ಹೇಳಿಕೊಟ್ಟಿದ್ದು ತಪ್ಪಾಗಿತ್ತು ಎಂದು ಹೇಳತೊಡಗಿದರು. ಕೆಲವರಿಗೆ ಟೀಚರ್ ಯಾರೆಂಬುದೇ ನೆನಪಿರಲಿಲ್ಲ. ಒಬ್ಬ ತಂದೆ, ನಿವೃತ್ತ ಬಸ್ ಕಂಡಕ್ಟರ್, ಕೊನೆಯವರೆಗೂ ಕೇಳಿಸಿಕೊಂಡರು. ಆಮೇಲೆ ದನಿ ಏರಿತು.

"ಈಗ ಹೇಳ್ತೀರಾ? ಹತ್ತು ವರ್ಷ, ತಟ್ಟೆ ಎದುರಿಗಿಟ್ಕೊಂಡು, ಬಾಯಿಬಿಟ್ಟು ಕೇಳಿದ್ರೆ ಮಾತ್ರ ಅನ್ನ ಕೊಡ್ತಿದ್ದೆ ನನ್ನ ಮಗನಿಗೆ. ಟೀಚರ್ ಹೇಳಿದಾರೆ ಅಂತ. ಅವನು ತಟ್ಟೆ ತೋರಿಸ್ತಾನೇ ಇದ್ದ. ನಾನು ಯಾರ ಹತ್ರ ಹೋಗಿ ಹೇಳ್ಕೊಳ್ಲಿ?"

"ಹೇಳಿಕೊಟ್ಟವಳು ನಾನು. ನಿಮ್ಮ ತಪ್ಪಲ್ಲ."

"ನಿಮ್ಮ ಸಮಾಧಾನ ಯಾರಿಗೆ ಬೇಕು? ಇಡಿ ಫೋನು!"

ತಿಂಗಳ ನಂತರ ಆ ತಂದೆ ಮೂವತ್ತರ ಮಗನೊಂದಿಗೆ ಕೇಂದ್ರಕ್ಕೆ ಬಂದರು. ಮಾತಾಡುವ ಟ್ಯಾಬ್ಲೆಟ್ ವಿಚಾರ ಅವರಿಗೆ ಯಾರೋ ಹೇಳಿದ್ದರಂತೆ. ಟೀಚರ್ ಗಡಬಡಿಸಿ ಎದ್ದು, ಬಾಗಿಲವರೆಗೆ ಬಂದು, ದಾರಿ ಬಿಟ್ಟು ಗೋಡೆಗೆ ಒತ್ತಿ ನಿಂತರು. ಮಗ ಗುನುಗುತ್ತ ಉಯ್ಯಾಲೆ ಕೋಣೆಗೆ ನಡೆದ. ಅವನ ಹಿಂದೆಯೇ ಹೋದ ತಂದೆ ಟೀಚರತ್ತ ತಿರುಗಿಯೂ ನೋಡಲಿಲ್ಲ. ನೋಡಬೇಕಿತ್ತು ಎಂದು ಟೀಚರಿಗೂ ಅನಿಸಲಿಲ್ಲ.