ತಾರಸಿಯ ಮೂರನೆಯ ಕೈ

ಯಾರನ್ನಾದರೂ ‘ಇದನ್ನು ಸ್ವಲ್ಪ ಹಿಡ್ಕೊಳ್ತೀರಾ’ ಎಂದು ಕೇಳುವುದಕ್ಕಿಂತ ಆ ಕೆಲಸವನ್ನೇ ಬಿಟ್ಟುಬಿಡುವವಳು ನಾನು. ಬಸ್ಸಿನಲ್ಲಿ ನಿಂತವರು ಕೂತವರ ಮಡಿಲಿಗೆ ಬ್ಯಾಗು ದಾಟಿಸುವ ಒಳ್ಳೆಯ ಪದ್ಧತಿ ನಮ್ಮಲ್ಲಿದೆ. ನಾನು ಮಾತ್ರ ಎಲೆಕ್ಟ್ರಾನಿಕ್ ಸಿಟಿಯವರೆಗೂ ಲ್ಯಾಪ್‌ಟಾಪನ್ನು ಹೆಗಲಿಗೇ ಹಾಕಿಕೊಂಡು ನಿಂತಿರುತ್ತೇನೆ.

ಇಂಥವಳಿಗೆ ಮರ, ಕಬ್ಬಿಣ ಕೊರೆಯುವ ಹುಚ್ಚು ಹತ್ತಬಾರದಿತ್ತು. ಗರಗಸಕ್ಕೆ ಒಂದು ಕೈ, ಹಲಗೆಗೆ ಒಂದು ಕೈ; ಹಲಗೆ ಜಾರದಂತೆ ಒತ್ತಿ ಹಿಡಿಯಲು ಮೂರನೆಯದೊಂದು ಬೇಕು. ಒಂಟಿಯಾಗಿರುವ ನಾನು ಮಂಡಿ ಊರಿ ನೋಡಿದೆ, ಪಾದ ಇಟ್ಟು ನೋಡಿದೆ, ಒಮ್ಮೆ ಅಕ್ಕಿ ಡಬ್ಬವನ್ನೂ ಹೇರಿ ನೋಡಿದೆ. ಕೊನೆಗೆ ಹೊಳೆಯಿತು: ನನಗೆ ಬೇಕಾದದ್ದು ಬೆಂಚ್ ವೈಸು. ಮೇಜಿಗೆ ಬೋಲ್ಟು ಹಾಕಿ ಕೂರಿಸಿದರೆ, ಕೊಟ್ಟದ್ದನ್ನು ಎರಡು ದವಡೆಗಳ ನಡುವೆ ಕಚ್ಚಿ ಹಿಡಿಯುವ ಕಬ್ಬಿಣದ ಸಾಧನ. ಅದೊಂದು ಬಂದರೆ ಆಮೇಲೆ ಯಾರನ್ನೂ ಕೇಳಬೇಕಿಲ್ಲ.

ದೊಡ್ಡನೆಕ್ಕುಂದಿಯಲ್ಲಿ ನನ್ನ ಬಾಡಿಗೆ ಮನೆಯಿಂದ ಎರಡು ಬೀದಿ ಆಚೆ ಬಸಪ್ಪ ಎಂಬ ಹಿರಿಯ ಫಿಟ್ಟರ್ ತಮ್ಮ ಶೆಡ್ಡು ಮುಚ್ಚುತ್ತಿದ್ದರು. ಆ ಜಾಗದಲ್ಲಿ ಪಿ.ಜಿ. ಕಟ್ಟಡ ಏಳುವುದಿತ್ತು. ಲೇತು, ಡ್ರಿಲ್ಲು ಎಲ್ಲ ಆಗಲೇ ಹೋಗಿ, ಮೂಲೆಯಲ್ಲಿ ಹಳೆಯ ವೈಸೊಂದು ಉಳಿದಿತ್ತು. ನಾನು ವೈಸುಗಳ ಬಗ್ಗೆ ಓದಿದ್ದನ್ನೆಲ್ಲ ಹೇಳಿದೆ. ಬಸಪ್ಪ ತಾಳ್ಮೆಯಿಂದ ಕೇಳಿ, ನನ್ನ ಅಂಗೈ ನೋಡಿದರು.

“ಶೋಕೇಸಿಗೆ ಬೇಕೇನ್ರಿ ಮೇಡಂ?”

“ಇಲ್ಲ, ಕೆಲ್ಸ ಮಾಡೋಕೆ.”

“ಹಂಗಾರ ಒಂದ್ ಮಾತು. ಆಯುಧ ಪೂಜಿ ದಿನ ಬರ್ತೀನಿ. ಇದು ದುಡೀತಿದ್ರ ಕುಂಕುಮ ಹಚ್ಚೂಣ. ಸುಮ್ನ ಕುಂತಿದ್ರ ಹೊತ್ಕೊಂಡ್ ಹೋಗ್ತೀನಿ. ಸಿಟ್ಟಾಗಬ್ಯಾಡ್ರಿ ಮತ್ತ.”

ತಲೆಯಾಡಿಸಿದೆ. ವೈಸನ್ನು ಎರಡು ಭಾಗ ಮಾಡಿ, ಎರಡು ಸಲ ಮೆಟ್ಟಿಲು ಹತ್ತಿ, ತಾರಸಿಯ ತಗಡಿನ ಚಪ್ಪರದ ಕೆಳಗೆ ನಾನೇ ತಂದಿಟ್ಟೆ. ಬಸಪ್ಪ ‘ಹುಡುಗರನ್ನ ಕಳಸ್ಲೇನು’ ಎಂದದ್ದಕ್ಕೆ ಬೇಡವೆಂದಿದ್ದೆ ಎಂದು ಬೇರೆ ಹೇಳಬೇಕಿಲ್ಲವಷ್ಟೆ.

ವೈಸಿನ ಗುಟ್ಟೆಲ್ಲ ಅದರ ಸ್ಕ್ರೂನಲ್ಲಿದೆ. ಅದರ ಎಳೆಗಳ ಏರು ಎಷ್ಟು ಮೆಲ್ಲಗಿರುತ್ತದೆಂದರೆ, ಒಮ್ಮೆ ಬಿಗಿಮಾಡಿ ನಾವು ಕೈ ಬಿಟ್ಟರೂ ಅದು ಬಿಡುವುದಿಲ್ಲ. ಎದುರಿನಿಂದ ಎಷ್ಟು ದಬ್ಬಿದರೂ ಹಿಂದಕ್ಕೆ ತಿರುಗುವುದಿಲ್ಲ. ಕಾಲೇಜಿನಲ್ಲಿ ಇದನ್ನು ಘರ್ಷಣೆಯ ಗುಣವೆಂದು ಕಲಿತಿದ್ದೆ. ಈಗ ನೋಡಿದರೆ ನನ್ನದೇ ಗುಣ.

ಆದರೆ ಒಂದು ವಿಷಯವನ್ನು ಯಾವ ಪುಸ್ತಕವೂ ಹೇಳಿರಲಿಲ್ಲ: ವೈಸನ್ನು ಬಿಚ್ಚಬೇಕಾದರೆ ಅದನ್ನು ಹಿಡಿದುಕೊಳ್ಳಲು ಇನ್ನೊಂದು ವೈಸು ಬೇಕು. ತುಕ್ಕು ತೆಗೆಯಲೆಂದು ಅದನ್ನು ನೆಲದ ಮೇಲಿಟ್ಟು ದವಡೆಯ ತಿರುಪುಗಳನ್ನು ತಿರುಗಿಸಲು ಹೋದರೆ ತಿರುಪಿನ ಬದಲು ಇಡೀ ವೈಸೇ ತಿರುಗುತ್ತಿತ್ತು. ಅರ್ಧ ಭಾನುವಾರ ಅದರ ಸುತ್ತ ಪ್ರದಕ್ಷಿಣೆ ಹಾಕಿದೆ. ಆಗ ಮೆಣಸಿನಕಾಯಿ ಒಣಹಾಕಲು ಮೇಲೆ ಬಂದವರು ಮನೆಯ ಯಜಮಾನಿ ಜಯಮ್ಮ. ಇವರ ಹೊಲವಿದ್ದ ಕಡೆ ಈಗ ರಿಂಗ್ ರೋಡಿದೆ.

“ಇದೇನವ್ವ, ಓರಿ ಮೂತಿ ಇದ್ದಂಗೈತೆ!” ಎಂದು ಸೀರೆ ಎತ್ತಿ ಕಟ್ಟಿ, ವೈಸಿನ ಮೇಲೆ ಒಂದು ಕಾಲಿಟ್ಟು, ಎರಡೂ ಕೈಯಲ್ಲಿ ಅದರ ಕುತ್ತಿಗೆ ಅಮುಕಿದರು. “ಊಂ, ತಿರುಗ್ಸು. ಲಾಳ ಒಡ್ಸೋವಾಗ ಎತ್ತನ್ನೇ ಇಡ್ಕಂಡಿವ್ನಿ, ಇದ್ಯಾವ ಮಾ ದೊಡ್ದು?”

ತಿರುಪು ಕಿರುಗುಟ್ಟಿ ಸಡಿಲಿತು. ನಾನಾಗಿ ಕೇಳಿರಲಿಲ್ಲವಾದ್ದರಿಂದ ಇದು ಸಹಾಯದ ಪಟ್ಟಿಗೆ ಸೇರುವುದಿಲ್ಲವೆಂದು ಸಮಾಧಾನ ಮಾಡಿಕೊಂಡೆ.

ಮುಂದಿನ ವಾರಗಳಲ್ಲಿ ಸೀಮೆಎಣ್ಣೆಯಲ್ಲಿ ನೆನೆಸಿದೆ, ತಂತಿಯ ಬ್ರಷ್ಷಿನಿಂದ ಉಜ್ಜಿದೆ. ಹಸಿರು ಬಣ್ಣದ ಕೆಳಗೆ ನೀಲಿ, ಅದರ ಕೆಳಗೆ ಮತ್ತೆ ಹಸಿರು. ಎಲ್ಲ ಕೆರೆದು ಬೂದು ಬಣ್ಣ ಬಳಿದೆ. ಒಂದು ದವಡೆಯಲ್ಲಿ ಮೇಲಿಂದ ಕೆಳಗೆ ಗಾಯದಂಥ ಸೀಳಿತ್ತು. ಅದನ್ನು ಬಿರುಕಿಗೆ ಮೆತ್ತುವ ಕಬ್ಬಿಣದ ಪುಟ್ಟಿಯಿಂದ ತುಂಬಿ, ಉಗುರಿಗೂ ಸಿಗದಂತೆ ನಯಮಾಡಿದೆ. ವೈಸು ಎಷ್ಟು ಚೆಂದವಾಯಿತೆಂದರೆ ಅದರಲ್ಲಿ ಏನನ್ನಾದರೂ ಹಿಡಿಸಲು ಮನಸ್ಸೇ ಬರಲಿಲ್ಲ. ಮೇಜಿಗೆ ಬೋಲ್ಟು ಹಾಕಿ ಕೂರಿಸಿ, ಧೂಳು ಕೂರದಿರಲೆಂದು ಹಳೆಯ ದುಪಟ್ಟಾ ಹೊದಿಸಿದೆ.

ಆಯುಧ ಪೂಜೆಯ ಬೆಳಿಗ್ಗೆ ಬಸಪ್ಪ ಕುಂಕುಮದ ಪೊಟ್ಟಣದೊಂದಿಗೆ ಬಂದರು. ದುಪಟ್ಟಾ ಸರಿಸಿದರು. ಬೂದು ಬಣ್ಣವನ್ನು ಬಹಳ ಹೊತ್ತು ನೋಡಿದರು.

“ವರ್ಷಾ ವರ್ಷಾ ಹಬ್ಬಕ್ಕ ಬಣ್ಣಾ ಹಚ್ಚತಿದ್ವಿ. ಅಷ್ಟೂ ಹಬ್ಬ ಕೆರದ್ ಹಾಕೀರಲ್ರಿ!” ಎಂದು ನಕ್ಕರು. ಆಮೇಲೆ ಹೆಬ್ಬೆರಳು ದವಡೆಯ ಮೇಲೆ ಓಡಿ ಒಂದು ಕಡೆ ನಿಂತಿತು. ನಗು ಹೋಯಿತು. “ಇಲ್ಲೊಂದ್ ತಗ್ಗಿತ್ತಲ್ರಿ ಮೇಡಂ?”

“ಏಟು ಬಿದ್ದಿದೆ ಅಂದ್ಕೊಂಡು ಮುಚ್ಬಿಟ್ಟೆ.”

“ಏಟಲ್ರಿ ಅದು. ಸಣ್ಣ ರಾಡ್ ಜಾರಬಾರ್ದಂತ ನಾನಽ ಅರ ಹಿಡ್ದು ಎಂಟ್ ದಿನ ತಿಕ್ಕಿದ್ದು.” ನನ್ನತ್ತ ತಿರುಗಿ ಕೇಳಿದರು, “ಕೆಲ್ಸಕ್ಕ ಹಚ್ಚಿಲ್ಲ, ಹೌದಿಲ್ರಿ?”

ಸುಳ್ಳು ಹೇಳಬಹುದಿತ್ತು. ಹೊಳೆಯುವ ದವಡೆ ನನ್ನ ಪರವಾಗಿ ಸಾಕ್ಷಿ ಹೇಳುವಂತಿರಲಿಲ್ಲ. “ಇಲ್ಲ. ಗೀರು ಬೀಳುತ್ತೆ ಅಂತ.”

ಬಸಪ್ಪ ಬೋಲ್ಟುಗಳ ಕಡೆ ನೋಡಿದರು, ಯಾವ ಅಳತೆಯ ಸ್ಪ್ಯಾನರು ಬೇಕೆಂದು ಲೆಕ್ಕ ಹಾಕುವವರಂತೆ. ಒಮ್ಮೆ ಕುಂಕುಮ ಹಚ್ಚಿದರೆ ಆ ದಿನ ಉಪಕರಣವನ್ನು ಮುಟ್ಟುವಂತಿಲ್ಲ. ಅಷ್ಟರೊಳಗೆ ಏನಾದರೂ ಮಾಡಬೇಕು. ಉಜ್ಜುವ ಅರ, ಕೆತ್ತುವ ಚಾಣ ತಂದೆ. ಆದರೆ ಚಪ್ಪರದ ಕೆಳಗೆ ಬಗ್ಗಿದರೆ ದವಡೆಯ ಮೇಲೆ ನನ್ನದೇ ನೆರಳು. ಎರಡೂ ಕೈ ಉಪಕರಣಕ್ಕೇ ಬೇಕು, ಪುಟ್ಟಿ ಎಲ್ಲಿ ಮುಗಿದು ಕಬ್ಬಿಣ ಎಲ್ಲಿ ಶುರುವಾಗುತ್ತದೆಂದು ಕಾಣುತ್ತಿಲ್ಲ. ಬಸಪ್ಪನವರ ಕಡೆ ಫೋನು ಚಾಚಿದೆ.

“ಟಾರ್ಚು... ಸ್ವಲ್ಪ ಹಿಡ್ಕೊಳ್ತೀರಾ?”

ನನ್ನ ಫೋನು ತೆಗೆದುಕೊಂಡು ಬೆಳಕು ಹಿಡಿದರು. ಪುಟ್ಟಿ ಚೂರುಚೂರಾಗಿ ಎದ್ದಿತು. “ಅವಸರಾ ಬ್ಯಾಡ್ರಿ. ಕೆಳಗ ಇನ್ನಽ ಐತಿ. ಹಾಂ, ಬಂತು ನೋಡ್ರಿ.” ಅರ ಎರಡು ಸಲ ಜಾರಿ ನನ್ನ ಬೂದು ಬಣ್ಣದ ಮೇಲೆ ಉದ್ದ ಗೀರೆಳೆಯಿತು. ತಗ್ಗು ತೆರೆದುಕೊಂಡಿತು. ಮೂಲೆಯಲ್ಲಿದ್ದ ತೆಳ್ಳನೆಯ ರಾಡೊಂದನ್ನು ಅದರಲ್ಲಿಟ್ಟು ಬಿಗಿಮಾಡಿದೆ. ಬಸಪ್ಪ ಹಿಡಿದು ಜಗ್ಗಿದರು. ಅಲುಗಲಿಲ್ಲ. ಇನ್ನೊಮ್ಮೆ, ಮೈಭಾರ ಹಾಕಿ ಜಗ್ಗಿದರು. ಮೇಜು ಕಿರುಗುಟ್ಟಿತೇ ಹೊರತು ರಾಡು ಅಲುಗಲಿಲ್ಲ.

ಆಮೇಲೆ ಪೊಟ್ಟಣ ಬಿಚ್ಚಿ, ಗೀರಿನ ಮೇಲೇ ದೊಡ್ಡದಾಗಿ ಕುಂಕುಮ ಹಚ್ಚಿದರು.

ಮರುದಿನವೇ ಜಯಮ್ಮ ಹಿಡಿ ಸಡಿಲಾದ ಮಚ್ಚು ಹಿಡಿದು ಮೇಲೆ ಬಂದರು. “ಏನವ್ವ, ನಿನ್ ಓರಿ ಇದ್ನ ಇಡ್ಕಂತದಾ?”

“ಹಿಡ್ಕೊಳ್ಳುತ್ತೆ ಅಮ್ಮ. ಆದ್ರೆ ಈ ತುದಿ ಸ್ವಲ್ಪ ನೀವು ಹಿಡ್ಕೋಬೇಕು,” ಎಂದೆ.

ನಿಜ ಹೇಳಬೇಕೆಂದರೆ, ಬೇಕಾಗಿರಲಿಲ್ಲ.