ಭಾವ ತೊಳೆದ ಡಬ್ಬಿ

ನನ್ನ ಭಾವನನ್ನು ಕಂಡರೆ ನನಗಾಗದು. ಅಕ್ಕನ ಗಂಡ ಎಂಬ ಮರ್ಯಾದೆಗೆ ಬಹಳ ಕಾಲ ಹಲ್ಲು ಕಚ್ಚಿಕೊಂಡು ನಕ್ಕಿದ್ದೇನೆ. ಬರೆಯುವಾಗಲೂ ನಗಬೇಕೆಂದು ಯಾರೂ ಹೇಳಿಲ್ಲವಲ್ಲ.

ಮದ್ರಾಸಿನ ಪ್ಯಾರೀಸ್ ಕಾರ್ನರ್‌ನಲ್ಲಿ ನಮ್ಮದೊಂದು ಸಸ್ಯಾಹಾರಿ ಹೋಟೆಲ್. ಅಪ್ಪ ಕುಂದಾಪುರದ ಕಡೆಯಿಂದ ಬಂದು, ಲೋಟ ತೊಳೆಯುವಲ್ಲಿಂದ ಶುರುಮಾಡಿ ಗಲ್ಲಾದ ಮುಂದೆ ಕೂತವರು. ದೀಪಾವಳಿ ಬಂತೆಂದರೆ ಸುತ್ತಲಿನ ಹೋಲ್‌ಸೇಲ್ ಅಂಗಡಿಯವರೆಲ್ಲ ತಮ್ಮ ಕೆಲಸದವರಿಗೆ ಹಂಚಲು ಬಾದುಷಾ, ಮೈಸೂರುಪಾಕು ಹೇಳುವುದು ನಮ್ಮಲ್ಲೇ. ಆ ಆರ್ಡರ್‌ಗಳನ್ನು ಫೋನಿನಿಂದಲೇ ಕೊಡುವಂತೆ ವೆಬ್ ಆಪ್ ಬರೆದವಳು ನಾನು. ಸ್ಟೋರ್ ರೂಮಿನಲ್ಲಿ, ಬೇಳೆ ಮೂಟೆಗಳ ಪಕ್ಕದ ಒಂದು ಸಣ್ಣ ಕಂಪ್ಯೂಟರಿನಲ್ಲಿ ಅದು ಓಡುತ್ತಿತ್ತು.

ನಮ್ಮ ಹೋಟೆಲಿನಲ್ಲಿ ಆಯುಧ ಪೂಜೆಗೆ ಒಂದು ಪದ್ಧತಿ ಇದೆ. ಯಾರ ಆಯುಧವೋ ಅವರೇ ಅದಕ್ಕೆ ಕುಂಕುಮ ಇಡಬೇಕು. ಗ್ರೈಂಡರಿಗೆ ಹಿಟ್ಟು ರುಬ್ಬುವವನು, ಕಾವಲಿಗೆ ದೋಸೆ ಹುಯ್ಯುವವನು, ಗಲ್ಲಾಕ್ಕೆ ಅಪ್ಪ. ತಟ್ಟೆ ಹಿಡಿದು ಒಬ್ಬೊಬ್ಬರನ್ನೂ ಕರೆಯುವುದು ಅಪ್ಪನೇ. ಆ ಕಂಪ್ಯೂಟರಿನ ಮುಂದೆ ನಿಂತು ಅಪ್ಪ ನನ್ನನ್ನು ಕರೆಯಬೇಕು ಎಂಬುದು ನನ್ನ ಆಸೆ. ಬೇರೇನೂ ಬೇಕಿರಲಿಲ್ಲ.

ಭಾವನದು ತಲೆಮಾರುಗಳಿಂದ ಮದ್ರಾಸಿನಲ್ಲೇ ಇರುವ ವೈಷ್ಣವ ಮನೆತನ. ದೊಡ್ಡ ಸಾಫ್ಟ್‌ವೇರ್ ಕಂಪನಿಯಲ್ಲಿ ಆರ್ಕಿಟೆಕ್ಟ್ ಎಂಬ ಪದವಿ. ಒಂದು ಭಾನುವಾರ ಊಟಕ್ಕೆ ಬಂದವರು ನನ್ನ ಆಪ್ ನೋಡಿ ಮೂಗು ಮುರಿದರು. "ಇಪ್ಪೋ, ಈ ಕಾಲದಲ್ಲಿ, ಯಾರಮ್ಮಾ ಹೀಗೆ ಓಡಿಸ್ತಾರೆ? ಎಲ್ಲಾ ಕಂಟೇನರ್‌ಗೆ ಹಾಕ್ಬೇಕು" ಎಂದರು. ಅಪ್ಪ ನನ್ನನ್ನು ಕೇಳದೆಯೇ ಹೂಂ ಅಂದುಬಿಟ್ಟರು. ಹಿತ್ತಲ ಗಿಡ ಮದ್ದಲ್ಲವಷ್ಟೆ.

ಕಂಟೇನರ್ ಕೆಟ್ಟದ್ದಲ್ಲ. ಪ್ರೋಗ್ರಾಂ ಓಡಲು ಬೇಕಾದುದನ್ನೆಲ್ಲ ಒಂದೇ ಡಬ್ಬಿಯಲ್ಲಿ ತುಂಬಿದರೆ ಯಾವ ಕಂಪ್ಯೂಟರಿನಲ್ಲಾದರೂ ಓಡುತ್ತದೆ. ಕೆಟ್ಟರೆ ಆ ಡಬ್ಬಿ ಬಿಸಾಕಿ ಅದೇ ಅಚ್ಚಿನಿಂದ ಇನ್ನೊಂದು ತೆಗೆಯಬಹುದು, ಇಡ್ಲಿ ತೆಗೆದ ಹಾಗೆ. ಆದರೆ ಇಡ್ಲಿಯೊಳಗೆ ಉಂಗುರ ಬಿದ್ದಿದ್ದರೆ ಇಡ್ಲಿ ಎಸೆದ ಮೇಲೆ ಅಚ್ಚು ಅದನ್ನು ವಾಪಸು ಕೊಡುವುದಿಲ್ಲ. ನನ್ನ ಆಪನ್ನು ಹೀಗೆ ಡಬ್ಬಿಗೆ ತುಂಬಿದ ಭಾವ ಗಿರಾಕಿಗಳ ಆರ್ಡರ್‌ಗಳನ್ನೂ ಡಬ್ಬಿಯೊಳಗೇ ಬಿಟ್ಟಿದ್ದರು.

"ಭಾವ, ಆರ್ಡರ್ ಎಲ್ಲ ಒಳಗೇ ಉಂಟು. ಹೊರಗೆ ಒಂದು ಜಾಗ ಮಾಡಿ ಅಲ್ಲಿ ಇಡಿ" ಎಂದು ನಾನು ಹೇಳಿದೆ.

"ಸೆರಿ ಸೆರಿ, ಅದೆಲ್ಲಾ ನಾನು ನೋಡ್ಕೋತೀನಿ. ನೀನು ಮೆನು ಫೋಟೋ ಚೆನ್ನಾಗಿರೋದು ಹಾಕು" ಎಂದರು. ಕಂಪ್ಯೂಟರಿನ ಪಾಸ್‌ವರ್ಡ್ ಕೂಡ ಬದಲಾಯಿಸಿದ್ದರು. ನನಗೆ ಕೊಡಲಿಲ್ಲ.

ಆಯುಧ ಪೂಜೆಯ ಹಿಂದಿನ ಸಂಜೆ ಅಡುಗೆಮನೆ ಖಾಲಿ ಮಾಡುವುದು ಅಪ್ಪನ ಕಟ್ಟಳೆ. ಹಿಟ್ಟು, ಸಾಂಬಾರು, ಚಟ್ನಿ ಏನಿದ್ದರೂ ಕೊಟ್ಟು, ಚೆಲ್ಲಿ, ಪಾತ್ರೆ ತೊಳೆದು ಬೋರಲು ಹಾಕಬೇಕು. "ತಂಗಳು ಒಂದು ಚೂರೂ ಉಳೀಬಾರ್ದು ಮಾರಾಯ್ರೆ!" ಎಂದು ಅಪ್ಪ ಕೂಗುತ್ತ ಸ್ಟೋರ್ ರೂಮಿಗೂ ಬಂದರು. ಅಲ್ಲಿ ಕೂತಿದ್ದ ಭಾವನಿಗೆ ಭಕ್ತಿ ಉಕ್ಕಿತು. "ಮಾಮಾ, ಇದನ್ನೂ ಕ್ಲೀನ್ ಮಾಡ್ಬಿಡ್ತೀನಿ. ನಾಳಾನ್ನಿಕ್ಕು, ನಾಡಿದ್ದು ಬೆಳಿಗ್ಗೆ, ಎಲ್ಲಾ ಹೊಸದು" ಎಂದು ಡಬ್ಬಿಗಳನ್ನೆಲ್ಲ ಅಳಿಸಿಹಾಕಿದರು. ನಾನು ಆಗ ಹೂ ತರಲು ಹೋಗಿದ್ದೆ, ಇದೆಲ್ಲ ಆಮೇಲೆ ಗೊತ್ತಾದದ್ದು.

ಮರುದಿನ ಕಂಪ್ಯೂಟರಿನ ಮುಂದೆ ಅಪ್ಪ ತಟ್ಟೆ ಹಿಡಿದು ನಿಂತರು. ನಾನು ಸೆರಗು ಸರಿಮಾಡಿಕೊಂಡು ಒಂದು ಹೆಜ್ಜೆ ಮುಂದೆ ಹೋದೆ. "ಅಳಿಯಂದಿರೇ, ಇದು ನಿಮ್ದು, ಬನ್ನಿ" ಎಂದರು ಅಪ್ಪ. ಭಾವ ಶ್ರದ್ಧೆಯಿಂದ ಕುಂಕುಮ ಹಚ್ಚಿದರು. ನಾನು ಮುಂದಿಟ್ಟ ಹೆಜ್ಜೆಯನ್ನು ಹಿಂದಿಟ್ಟೆ. ಅದನ್ನು ದೋಸೆಯವನು ನೋಡಿದ, ಅದಕ್ಕೇ ನನಗೆ ಹೆಚ್ಚು ಅವಮಾನವಾಯಿತು.

ವಿಜಯದಶಮಿಯ ಬೆಳಿಗ್ಗೆ ಹೊಸ ಡಬ್ಬಿ ಶುರುವಾಯಿತು. ಒಳಗೆ ಒಂದು ಆರ್ಡರೂ ಇರಲಿಲ್ಲ. ಅಪ್ಪನ ಮುಖ ಸುಣ್ಣವಾಯಿತು. ಹೇಳಿದ ತಿಂಡಿ ಕೊಡಲಿಲ್ಲ ಎನ್ನಿಸಿಕೊಂಡರೆ ಆ ಬೀದಿಯಲ್ಲಿ ತಲೆ ಎತ್ತುವಂತಿಲ್ಲ. ಭಾವ ಗಂಟಲು ಸರಿಮಾಡಿಕೊಂಡು, "ಮೂಲ ಕೋಡ್‌ನಲ್ಲೇ ಏನೋ ಕೋಳಾರು, ಏನೋ ದೋಷ ಇದೆ ಮಾಮಾ" ಎಂದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಅಪ್ಪ ನನ್ನ ಕಡೆ ತಿರುಗಿ, "ಎಂತ ಮಾಡಿಟ್ಟಿದ್ದಿ ಮಗಾ ನೀನು?" ಎಂದರು.

ಪ್ರತಿ ಆರ್ಡರಿನ ಒಂದು ನಕಲು ನನ್ನ ಮೇಲ್‌ಗೂ ಬರುವಂತೆ ನಾನು ಮೊದಲೇ ಬರೆದಿದ್ದೆ. ಆರ್ಕಿಟೆಕ್ಟರು ಅದನ್ನು ಗಮನಿಸಿರಲಿಲ್ಲ. ಕೂತು ಎಲ್ಲ ಆರ್ಡರನ್ನೂ ಗಿರಾಕಿಗಳಂತೆ ನನ್ನ ಫೋನಿನಿಂದಲೇ ಮತ್ತೆ ಹಾಕಿದೆ. ದೀಪಾವಳಿಗೆ ಒಬ್ಬ ಗಿರಾಕಿಯೂ ಬರಿಗೈಯಲ್ಲಿ ಹೋಗಲಿಲ್ಲ. ಗಲ್ಲಾದಲ್ಲಿ ಕೂತ ಅಪ್ಪ ಬಂದಬಂದವರಿಗೆಲ್ಲ, "ಎಲ್ಲಾ ಹೋಗಿತ್ತು ನೋಡಿ, ನಮ್ಮ ಅಳಿಯಂದ್ರು ವಾಪಸ್ ತಂದ್ರು" ಎನ್ನುತ್ತಿದ್ದರು. ಪಕ್ಕದಲ್ಲಿ ಮೈಸೂರುಪಾಕು ಕಟ್ಟುತ್ತಿದ್ದ ನನ್ನ ಕಿವಿಗೆ ಬೀಳುವಂತೆಯೇ. ಭಾವ ಅಲ್ಲೇ ಇದ್ದರು, ಅಲ್ಲ ಎನ್ನಲಿಲ್ಲ.

ಹಬ್ಬ ಮುಗಿದ ಮೇಲೆ ನನ್ನ ಪ್ರೋಗ್ರಾಂ ತೆಗೆದುಕೊಂಡು ನಾನು ಹೊರಟೆ. ಹೋಟೆಲಿನ ವೆಬ್ ಪುಟ ಈಗ ಭಾವನದೇ, ವಾರಕ್ಕೊಮ್ಮೆ ಕೆಟ್ಟು ಮಲಗುತ್ತದೆಯಂತೆ. ಕೇಳಿದಾಗ ನನಗೆ ಹಾಲು ಕುಡಿದಷ್ಟು ಸಂತೋಷವಾಗುತ್ತದೆ.

ಈಗ ನಾನು ಕೆಲಸ ಮಾಡುವುದು ಮದ್ರಾಸಿನದೇ ಇನ್ನೊಂದು ಮೂಲೆಯಾದ ತಿರುವೊಟ್ಟಿಯೂರಿನ ಒಂದು ಹೋಟೆಲಿಗೆ. ಯಜಮಾನರು ನಮ್ಮ ಕಡೆಯವರೇ, ಅಪ್ಪನಿಗೆ ಅವರನ್ನು ಕಂಡರಾಗದು. ಅವರಲ್ಲೂ ಅದೇ ಪದ್ಧತಿ. ಈ ಸಲದ ಪೂಜೆಯಲ್ಲಿ ಅವರು ಕಂಪ್ಯೂಟರಿನ ಮುಂದೆ ನಿಂತು, "ಬನ್ನಿ ಅಮ್ಮಾ, ಇದು ನಿಮ್ದಲ್ವಾ?" ಎಂದು ತಟ್ಟೆ ಚಾಚಿದರು. ನಾನು ಕುಂಕುಮ ಇಟ್ಟೆ. ಅವಸರದಲ್ಲಿ ಅದು ಸೊಟ್ಟಗಾಯಿತು. ಅಷ್ಟು ಸಣ್ಣ ಮಾತನ್ನು ಹೇಳಲು ಅಪ್ಪನಿಗೆ ಏನು ಕಷ್ಟವಿತ್ತು?