ಬಂದವರಿಗೆ ಚಾಪೆ ಹಾಸುವ ಈಶಮ್ಮ

ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಮೊಗುಡಂಪಲ್ಲಿ ಕಡೆಯ ಒಂದು ಹಳ್ಳಿಯ ಹೊರಗೆ ಎತ್ತಿನ ಬಂಡಿಯಿಂದ ಇಳಿದ ಈಶಮ್ಮ ಸೆರಗು ಸರಿಮಾಡಿಕೊಂಡು ಓಣಿಯಲ್ಲಿ ನಡೆಯುತ್ತಾರೆ. ಅಂಗಳ ಗುಡಿಸುತ್ತಿದ್ದ ಹೆಂಗಸೊಬ್ಬಳು ಅವರನ್ನು ಕಂಡದ್ದೇ ಪೊರಕೆ ಅಲ್ಲೇ ಬಿಟ್ಟು ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾಳೆ. ಮುಂದಿನ ಮನೆಯ ಕಟ್ಟೆಯ ಮೇಲೆ ಕೂತಿದ್ದ ಮುದುಕ ಎದ್ದು ನಿಂತು, ಅವರು ತನ್ನ ಬಾಗಿಲು ದಾಟುವವರೆಗೂ ಗೋಡೆಯ ಕಡೆ ಮುಖ ಮಾಡಿರುತ್ತಾನೆ. ಈಶಮ್ಮನಿಗೆ ಇದೆಲ್ಲ ರೂಢಿಯಾಗಿದೆ. "ಅವರದೇನ್ ತಪ್ಪದ್ರಿ? ನಾ ಯಾರ ಮನೀಗಿ ಹೊಂಟೀನಿ ಅಂತ ಅವರಿಗಿ ಹ್ಯಾಂಗ ಗೊತ್ತಾಗಬೇಕು," ಎನ್ನುತ್ತಾರೆ.

ಅವರು ಹೊರಟಿರುವುದು ಆತ್ಮಾರಾಮ ಎಂಬ ರೈತನ ಮನೆಗೆ. ಅವನ ತಾಯಿ ಜನಾಬಾಯಿ ಹಾಸಿಗೆ ಹಿಡಿದು ಬಹಳ ದಿನವಾಗಿದೆ, ಈಗ ಗಂಜಿಯೂ ಗಂಟಲಲ್ಲಿ ಇಳಿಯುತ್ತಿಲ್ಲ. ಸಾಯುವವರ ಮುಂದೆ ಯಾರಾದರೂ ಸಾವಿನ ಮಾತು ಎತ್ತಲೇಬೇಕು, ಆದರೆ ಎತ್ತುವವರು ಮನೆಯವರಾಗಿರಬಾರದು ಎಂಬುದು ಇಲ್ಲಿಯ ಕೆಲವು ಹಳ್ಳಿಗಳ ಕಟ್ಟಳೆ. ಮಕ್ಕಳೋ ಸೊಸೆಯಂದಿರೋ ಕೇಳಿದರೆ ಸಾವನ್ನು ಕೈಬೀಸಿ ಕರೆದಂತೆ ಎಂಬ ಅಂಜಿಕೆ. ಹೊರಗಿನವರೇ ಬಂದು ಕೇಳಬೇಕು. ಹಾಗೆ ಕೇಳುವವರು ಈಶಮ್ಮ.

ನಿಜ ಹೇಳಬೇಕೆಂದರೆ ನಾನು ಬೀದರ ಗಡಿಯಾಚೆ ಈಶಮ್ಮನ ಊರಾದ ಕೊಹೀರಿಗೆ ಬಂದದ್ದು ಅಲ್ಲಿಯವರು ಜಾಮ್ ಎನ್ನುವ ಪೇರಲದ ತೋಟಗಳ ಬಗ್ಗೆ ಬರೆಯಲು. ಬಸ್ ಸ್ಟ್ಯಾಂಡಿನಲ್ಲಿ ಬುಟ್ಟಿ ಇಟ್ಟುಕೊಂಡು ಕೂತಿದ್ದ ಈಶಮ್ಮನ ಹತ್ತಿರ ಹಣ್ಣು ಕೊಳ್ಳುತ್ತಿದ್ದಾಗ ಬೀಡಿ ಅಂಗಡಿಯ ಮೊಗಲಪ್ಪ ನನ್ನ ತೋಳು ಹಿಡಿದು ಪಕ್ಕಕ್ಕೆ ಎಳೆದ. ಆಕೆಯ ಕೈಯ ಹಣ್ಣು ಬೇಕಾದರೆ ತಿನ್ನಿ, ಮಾತಿಗೆ ಮಾತ್ರ ನಿಲ್ಲಬೇಡಿ ಎಂದು ಬುದ್ಧಿ ಹೇಳಿದ. ಹಾಗೆ ಹೇಳಿದ ಮೇಲೆ ಪತ್ರಿಕೆಯವನು ನಿಲ್ಲದೆ ಇರುತ್ತಾನೆಯೇ? ಪೇರಲದ ಲೇಖನ ಅಲ್ಲಿಗೇ ನಿಂತಿತು, ಈಶಮ್ಮನ ಜೊತೆ ನಾನೂ ಬಂಡಿ ಹತ್ತಿದೆ.

ಬೇರೆ ದಿನ ಹಣ್ಣು ಮಾರಲು ಬಂದರೆ ಇಂಥ ಮನೆಗಳವರು ಈಶಮ್ಮನನ್ನು ಕಟ್ಟೆಯ ಕೆಳಗೇ ನಿಲ್ಲಿಸುತ್ತಾರೆ, ಹಣ್ಣಿನ ಮೇಲೆ ನೀರು ಚಿಮುಕಿಸಿ ಒಳಗೆ ಒಯ್ಯುತ್ತಾರೆ. ಇವತ್ತು ಆತ್ಮಾರಾಮ ತಾನೇ ಮುಂದೆ ನಿಂತು ಅವರನ್ನು ಹೊಸ್ತಿಲು ದಾಟಿಸಿ ತಾಯಿಯ ಹಾಸಿಗೆಯವರೆಗೆ ಕರೆದೊಯ್ಯುತ್ತಾನೆ. ಸಾಯುವ ಹೊತ್ತಿಗೆ ಇಲ್ಲವಾಗುವ ಮೈಲಿಗೆ ಬದುಕಿದ್ದಾಗ ಎಲ್ಲಿಂದ ಬರುತ್ತದೋ ಎಂದು ನನಗೆ ಸಿಟ್ಟು ಬರುತ್ತದೆ. ಈಶಮ್ಮನಿಗೆ ಸಿಟ್ಟಾಗಲು ಪುರುಸೊತ್ತಿಲ್ಲ. ನನ್ನನ್ನು ಬಾಗಿಲ ಹತ್ತಿರ ಕೂರಿಸಿ, ಬಾಯಿ ಬಿಡಬೇಡಿ ಎಂದು ಹೇಳಿ, ಅವರು ಹಾಸಿಗೆಯ ಪಕ್ಕ ನೆಲದ ಮೇಲೆ ಕೂರುತ್ತಾರೆ.

ಹೇಗಿದ್ದೀರಿ, ಗುಳಿಗೆ ತೆಗೆದುಕೊಂಡಿರಾ ಎಂಬ ಮಾತೇ ಇಲ್ಲ. ಅವರ ಮೊದಲ ಮಾತು ಇಷ್ಟು: "ಅವ್ವಾರ, ಯಾರ್ ಬಂದಾರ್ರಿ?"

ಜನಾಬಾಯಿಯ ಕಣ್ಣು ಮೂಲೆಗೆ ಹೊರಳುತ್ತವೆ. "ನಮ್ಮಕ್ಕ ಬಂದಾಳ. ಜ್ವಾಳದ ಚೀಲದ ಹಂತ್ಯಾಕ ನಿಂತಾಳ."

ಆ ಅಕ್ಕ ತೀರಿಕೊಂಡು ಯಾವ ಕಾಲವಾಯಿತೋ. ಇಷ್ಟು ದಿನ ಜನಾಬಾಯಿ ಹೀಗೆ ಅಂದಾಗಲೆಲ್ಲ ಮನೆಯವರು ಸುಮ್ಮನಿರು ಎಂದು ಹಣೆ ಒರೆಸುತ್ತಿದ್ದರಂತೆ. ಈಶಮ್ಮ ಎದ್ದು ಚೀಲವನ್ನು ಬದಿಗೆ ಸರಿಸುತ್ತಾರೆ. ಅಲ್ಲಿ ಚಾಪೆ ಹಾಸಿ, ಒಂದು ಲೋಟ ನೀರು ಇಡುತ್ತಾರೆ. ಜನಾಬಾಯಿಯ ಮುಖ ಸಡಿಲವಾಗುತ್ತದೆ. ಮತ್ತೆ ಯಾರಾದರೂ ಇದ್ದಾರೆಯೇ ಎಂದು ಈಶಮ್ಮ ಕೇಳುತ್ತಾರೆ.

"ಒಬ್ಬಾಕಿ ಮುದುಕಿ. ಗದ್ದದ ಮ್ಯಾಲ ಹಚ್ಚಿ ಅದ. ನನಗ ಗುರ್ತಿಲ್ಲ."

ಈಶಮ್ಮ ಆ ಮನೆಯ ಸೊಸೆಯಿಂದ ಇನ್ನೊಂದು ಚಾಪೆ ಕೇಳಿ ಪಡೆಯುತ್ತಾರೆ. "ಆಕಿ ನನ್ನ ಜೋಡಿ ಬಂದಾಕಿ ಇದ್ದಾಳ್ರಿ," ಎಂದು ಅದನ್ನೂ ಹಾಸುತ್ತಾರೆ. ಕೊಹೀರಿನಿಂದ ಅದೇ ಬಂಡಿಯಲ್ಲಿ ನಾನೂ ಬಂದಿದ್ದೆ. ಬಂಡಿ ಹೊಡೆದ ಆತ್ಮಾರಾಮ, ಈಶಮ್ಮ ಮತ್ತು ನಾನು ಬಿಟ್ಟರೆ ಅದರಲ್ಲಿ ಬೇರೆ ಯಾರೂ ಇರಲಿಲ್ಲ.

ಈಗ ಈಶಮ್ಮ ಜನಾಬಾಯಿಯ ಕೈಯನ್ನು ತಮ್ಮ ಕೈಯೊಳಗೆ ತೆಗೆದುಕೊಳ್ಳುತ್ತಾರೆ. "ಅವ್ವಾರ, ನೀವು ಹೋಗೋ ಹೊತ್ತು ಬಂದದ. ನಿಮಗೇನ್ ಬೇಕು, ಏನ್ ಬ್ಯಾಡ, ಹೇಳ್ರಿ."

ಆತ್ಮಾರಾಮ ಬಾಗಿಲ ಚೌಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತಾನೆ. ಜನಾಬಾಯಿ ಮಾತ್ರ ನಗುತ್ತಾರೆ. ಅಮಾವಾಸ್ಯೆಯಿಂದಲೇ ತನಗೆ ಗೊತ್ತಿತ್ತು, ಹೇಳಲು ಹೋದರೆ ಸೊಸೆ ಹಾಲು ಕಾಸಲು ಏಳುತ್ತಾಳೆ, ಮಗ ಎತ್ತು ಬಿಚ್ಚಲು ಹೋಗುತ್ತಾನೆ ಎಂದು ದೂರುತ್ತಾರೆ. ಆಮೇಲೆ ಗಂಡ ಕಾಶಿರಾಮನ ಮಾತು ಬರುತ್ತದೆ. ಜೀವ ಮನೆಯೊಳಗೆ ಹೋಗಬಾರದೆಂದು ಅವನ ಉಸಿರು ನಿಲ್ಲುವ ಮೊದಲೇ ಅವಸರ ಮಾಡಿ ಅಂಗಳಕ್ಕೆ ಎತ್ತಿ ಹಾಕಿದ್ದರಂತೆ. ಅಲ್ಲಿ ಅವನ ಕೈ ಹೊದಿಕೆಗಾಗಿ ತಡಕಾಡಿದ್ದನ್ನು ಜನಾಬಾಯಿಯೊಬ್ಬರೇ ನೋಡಿದ್ದರು.

"ಜೀವ ಇರೋತನಕ ನನ್ನ ಹೊರಗ ಒಯ್ಯಬ್ಯಾಡ್ರಿ. ಥಂಡಿ ಆಗ್ತದ," ಎನ್ನುತ್ತಾರೆ ಜನಾಬಾಯಿ. ಆತ್ಮಾರಾಮ ಅಲ್ಲೇ ಕುಸಿದು ಕೂತು, ಒಯ್ಯುವುದಿಲ್ಲ ಎಂದು ತಾಯಿಯ ಪಾದ ಹಿಡಿದು ಅಳುತ್ತಾನೆ. ಅಷ್ಟು ದಿನ ಓಡಿಹೋಗುತ್ತಿದ್ದ ಮಗ ಈಗ ಎದ್ದು ಹೋಗುವುದಿಲ್ಲ. ಈಶಮ್ಮನ ಕೆಲಸ ಇಷ್ಟೇ.

ಅವರು ಹೊರಡಲು ಎದ್ದಾಗ ಜನಾಬಾಯಿ ಹಿಂದಿನಿಂದ ಕರೆಯುತ್ತಾರೆ. "ಈಶಮ್ಮ, ಆ ಮುದುಕಿ ಬಗಲಾಗ ನೀನೂ ನಿಂತೀಯಲ್ಲ."

ಈಶಮ್ಮ ಮೂಲೆಯ ಕಡೆ ತಿರುಗಿ ನೋಡುವುದಿಲ್ಲ. "ನಾ ಏನರ ಅನ್ನಾಕತ್ತೀನೇನ್ರಿ?"

"ಇಲ್ಲ. ಯಾರರ ಕೇಳ್ತಾರೇನೋ ಅಂತ ದಾರಿ ನೋಡಾಕತ್ತೀ."

ನಾವಿಬ್ಬರೂ ವಾಪಸು ಹೊರಡುತ್ತೇವೆ. ಬಿಸಿಲು ಏರಿ ಕೊಹೀರಿನ ಕೆಂಪು ಮಣ್ಣು ಕಾಣಿಸಿದ ಮೇಲೆ ಈಶಮ್ಮ, ತಮ್ಮ ಮನೆಗೆ ಬಂದು ಚಹಾ ಕುಡಿದು ಹೋಗಿರಿ ಎನ್ನುತ್ತಾರೆ. ಒಂದೇ ಕೋಣೆಯ ಹೆಂಚಿನ ಮನೆ. ಗೋಡೆಗೆ ಬುದ್ಧನ ಪಟ, ಮೂಲೆಯಲ್ಲಿ ಖಾಲಿ ಬುಟ್ಟಿಗಳು. ಒಲೆ ಹೊತ್ತಿಸುತ್ತ ಅವರು ತಮ್ಮ ಕತೆ ಹೇಳುತ್ತಾರೆ.

ಹುಟ್ಟಿದ್ದು ಬೀದರ ಕಡೆ, ಮದುವೆಯಾಗಿ ಬಂದದ್ದು ಕೊಹೀರಿಗೆ. ರಾಜ್ಯಗಳು ಬೇರೆಯಾದಾಗ ತವರು ಮೈಸೂರು ರಾಜ್ಯಕ್ಕೆ ಹೋಯಿತು, ಅತ್ತೆಮನೆ ಆಂಧ್ರಕ್ಕೆ ಬಂತು. ಗಂಡ ತುಳಜಪ್ಪ ತಾಂಡೂರಿನ ಕಲ್ಲುಗಣಿಯಲ್ಲಿ ಬಂಡೆ ಜಾರಿ ತೀರಿಕೊಂಡ. ಅವನನ್ನು ಏನಾದರೂ ಕೇಳಲು ಯಾರಿಗೂ ವೇಳೆಯೇ ಸಿಗಲಿಲ್ಲ. ಈಗ ಮಗ ಬಾಲರಾಜನೂ ತಾಂಡೂರಿನಲ್ಲೇ ಕಲ್ಲು ಕೊಯ್ಯುತ್ತಾನೆ. ಈಶಮ್ಮ ಬೆಳಗ್ಗೆ ತೋಟದಲ್ಲಿ ಹಣ್ಣು ಬಿಡಿಸಿ, ಮಧ್ಯಾಹ್ನ ಬಸ್ಸಿನ ಕಿಟಕಿ ಕಿಟಕಿಗೂ ಬುಟ್ಟಿ ಎತ್ತಿ ಮಾರುತ್ತಾರೆ. ಕರೆ ಬಂದ ದಿನ ಬುಟ್ಟಿ ಮನೆಯಲ್ಲೇ ಉಳಿಯುತ್ತದೆ. ಇಲ್ಲಿಯವರೆಗೆ ಎಷ್ಟು ಜನರ ಹತ್ತಿರ ಹೀಗೆ ಕೂತಿರಬಹುದು ಎಂದು ನಾನು ಪತ್ರಿಕೆಯವರ ಚಾಳಿಯಂತೆ ಕೇಳುತ್ತೇನೆ. "ಜಾಮ್ ಹಣ್ಣು ಎಣಸ್ತೀನ್ರಿ. ಮಂದೀನ ಎಣಸಂಗಿಲ್ಲ," ಎಂದು ಒಲೆ ಊದುತ್ತಾರೆ.

ಈ ಕೆಲಸ ಮೊದಲು ಅವರ ಅತ್ತೆ ಮಾಳಮ್ಮನದಾಗಿತ್ತು. ಸುತ್ತಲಿನ ಹಳ್ಳಿಗಳಲ್ಲಿ ಹಾಸಿಗೆ ಹಿಡಿದವರನ್ನೆಲ್ಲ ಮಾತಾಡಿಸಿ ಕಳಿಸಿದ ಮಾಳಮ್ಮ ಕೊನೆಗೆ ತಾವೇ ಹಾಸಿಗೆ ಹಿಡಿದರು. ಈಶಮ್ಮ ಸೊಸೆ, ಅವರು ಕೇಳುವಂತಿಲ್ಲ. ನೆರೆಮನೆಗಳ ಬಾಗಿಲು ಬಡಿದು, ಬಂದು ಒಂದು ಮಾತು ಕೇಳಿ ಎಂದು ಬೇಡಿಕೊಂಡರು. ಒಬ್ಬರಿಗೂ ಧೈರ್ಯವಾಗಲಿಲ್ಲ. ಮಾಳಮ್ಮನ ಕಣ್ಣು ಮಾತ್ರ ಸೊಸೆಯನ್ನೇ ಹಿಂಬಾಲಿಸುತ್ತಿದ್ದವು, ನೀರು ತರಲು ಹೋದರೆ ಅತ್ತ, ರೊಟ್ಟಿ ಬಡಿಯಲು ಕೂತರೆ ಇತ್ತ.

"ಕೇಳು ಅಂತ ಕಣ್ಣಾಗೇ ಅಂತಿದ್ಳು. ನಾ ಕಟ್ಟಳಿ ಹಿಡಕೊಂಡು ಕುಂತೆ. ಮಾತು ಒಳಗೇ ಉಳೀತು, ಬಾಯಿ ತೆರಕೊಂಡೇ ಹೋದ್ಳು," ಎನ್ನುತ್ತಾರೆ ಈಶಮ್ಮ. ಅವರ ಕಣ್ಣಿನಲ್ಲಿ ನೀರು. ಒಲೆಯ ಹೊಗೆ ಎಂದು ನಾನು ಸುಳ್ಳು ಬರೆಯಲಾರೆ.

ಅತ್ತೆ ಸತ್ತ ಮೇಲೆ ಈಶಮ್ಮ ಈ ಕೆಲಸಕ್ಕೆ ನಿಂತರು. ಮೊದಲ ಸಲ ಹೋದ ಮನೆಯಲ್ಲೇ, ಮಾಳಮ್ಮನನ್ನು ಎಂದೂ ಕಾಣದ ಗಂಡಸೊಬ್ಬ, ಗದ್ದದ ಮೇಲೆ ಹಚ್ಚೆ ಇರುವ ಮುದುಕಿ ಬಂದಿದ್ದಾಳೆ ಎಂದ. ಆಮೇಲೆ ನಾರಾಯಣಖೇಡ ಕಡೆ ಒಬ್ಬ ಹುಡುಗಿ, ಜಹೀರಾಬಾದಿನಲ್ಲಿ ಒಬ್ಬ ದರ್ಜಿ. ಎಲ್ಲರೂ ಹೇಳಿದ್ದು ಅದೇ ಮುದುಕಿಯನ್ನು. ಈಶಮ್ಮ ಪ್ರತಿ ಮನೆಯಲ್ಲೂ ಅತ್ತೆಗೆ ಚಾಪೆ ಹಾಸುತ್ತಾರೆ, ನೀರಿಡುತ್ತಾರೆ. ಆ ಒಂದು ಮಾತು ಮಾತ್ರ ಈಗಲೂ ಕೇಳುವಂತಿಲ್ಲ, ಸತ್ತರೂ ಅತ್ತೆ ಮನೆಯವಳೇ.

"ಈಗ ಜನಾಬಾಯಿ ಅವ್ವಾರು ಅಂದದ್ದು ಕೇಳಿದ್ರಲ್ಲ. ನನ್ನ ಮಗ ಕೇಳಂಗಿಲ್ಲ. ಊರ ಮಂದಿ ನನ್ನ ನೋಡಿದ್ರ ಬಾಗಲಾ ಹಾಕ್ಕೋತಾರ. ನನ್ನ ಯಾರ್ ಕೇಳ್ತಾರ್ರಿ? ನಾನೂ ಅತ್ತೀ ಹಂಗ ಮಂದಿ ಮನ್ಯಾಗ ನಿಂತಿರಬೇಕೇನು?"

ಇಂಥ ಲೇಖನಗಳ ಕೊನೆಗೆ, ನಿಮ್ಮ ಆಸೆ ಏನು ಎಂದು ನಾವು ತಪ್ಪದೆ ಕೇಳುತ್ತೇವೆ. ಒಬ್ಬರು ಮಗಳ ಮದುವೆ ಎನ್ನುತ್ತಾರೆ, ಇನ್ನೊಬ್ಬರು ಸ್ವಂತ ಮನೆ ಎನ್ನುತ್ತಾರೆ, ನಾವು ಬರೆದುಕೊಂಡು ಬಸ್ ಹತ್ತುತ್ತೇವೆ. ಈ ಮನೆಯಲ್ಲಿ ಆ ಪ್ರಶ್ನೆ ನನ್ನ ಬಾಯಿಗೆ ಬರುವುದಿಲ್ಲ. ಕೇಳಿದರೆ ಅದು ಹಾಸಿಗೆ ಹಿಡಿದವರನ್ನು ಕೇಳುವ ಪ್ರಶ್ನೆಯೇ ಆಗುತ್ತದೆ ಎಂದು ನನಗೆ ಗೊತ್ತಿದೆ. ನನಗೆ ಹೆದರಿಕೆಯಾಗುತ್ತದೆ. ಆದರೂ ನಾನು ಈ ಊರಿನವನಲ್ಲ, ಈ ಮನೆಯವನೂ ಅಲ್ಲ. ಚಹಾದ ಕಪ್ಪು ಕೆಳಗಿಟ್ಟು, ನಾನು ಹೊರಗಿನವನಲ್ಲವೇ, ನಾನು ಕೇಳಬಹುದೇ ಎನ್ನುತ್ತೇನೆ.

ಈಶಮ್ಮ ಕೈ ತೊಳೆದು ಬಂದು, ಗೋಡೆಗೆ ಒರಗಿಸಿಟ್ಟ ಚಾಪೆಯನ್ನು ನನ್ನ ಎದುರಿಗೆ ಬಿಡಿಸಿ ಹಾಸುತ್ತಾರೆ. ಲೋಟದಲ್ಲಿ ನೀರು ತಂದಿಡುತ್ತಾರೆ. ಅದರ ಮೇಲೆ ಕೂರುವರೆಂದು ನಾನು ಕಾಯುತ್ತೇನೆ. ಅವರು ಕೂರುವುದಿಲ್ಲ, ಬಾಗಿಲ ಬದಿಗೆ ಸರಿದು ನಿಲ್ಲುತ್ತಾರೆ.

"ನಂದು ಆಮ್ಯಾಲ ಕೇಳೀರಂತ. ಮದ್ಲ ನಮ್ಮ ಅತ್ತೀನ ಕೇಳ್ರಿ. ಭಾಳ ವರ್ಷ ಆತು ನಿಂತು."

ನಾನು ಆ ಖಾಲಿ ಚಾಪೆಯ ಕಡೆ ತಿರುಗಿ ಕೂರುತ್ತೇನೆ. ಮಾಳಮ್ಮ, ನಿಮಗೆ ಏನು ಬೇಕಿತ್ತು, ಏನು ಬೇಡವಾಗಿತ್ತು ಎಂದು ಕೇಳುತ್ತೇನೆ. ನನ್ನ ದನಿ ನನಗೇ ಕೇಳಿಸುವಷ್ಟು ಇಲ್ಲ. ಹೊರಗೆ ಜಹೀರಾಬಾದಿನ ಬಸ್ಸು ಬಂದು, ಹಾರ್ನ್ ಹೊಡೆದು, ಹೋಗುತ್ತದೆ.

"ಜರಾ ಜೋರಾಗಿ ಕೇಳ್ರಿ ಸಾಹೇಬ್ರ," ಎನ್ನುತ್ತಾರೆ ಈಶಮ್ಮ ಮೆಲ್ಲಗೆ. "ಆಕಿಗಿ ಕಿವಿ ಮಂದ."